ಒಕ್ಕಣ್ಣ ತೊಕ್ಸಾನ್‌ಬಾಯ್‌ನ ಮರಿಮಕ್ಕಳು

ಏಳುನೂರನೇ ಕಂತಿನಲ್ಲಿ ಯೆರಾಸಿಲ್‌ಗೂ ಅಕ್ಮರಲ್‌ಗೂ ಮದುವೆ ಎಂದು ಅಲ್ಮಾಟಿಯ ಟ್ರಾಲಿಬಸ್ಸುಗಳ ಬೆನ್ನಿಗೆಲ್ಲ ಪೋಸ್ಟರ್ ಅಂಟಿಸಿದ ವಾರವೇ ಶಾರ್ಬಾನು ಆಪಾ ನಮ್ಮ ಸ್ಟುಡಿಯೋಗೆ ಬಂದದ್ದು. ಆಗಿನ್ನೂ ಆರುನೂರ ಅರವತ್ತನೇ ಕಂತು ಪ್ರಸಾರವಾಗುತ್ತಿತ್ತು. ಮದುವೆಗೆ ಎಂಟು ವಾರ ಬಾಕಿ.

ನಮ್ಮ ಧಾರಾವಾಹಿಯ ಹೆಸರು 'ಆರನೇ ಬಾಗಿಲು'. ನಾಯಕ ನಾಯಕಿ ಭೇಟಿಯಾದದ್ದು ಮೂರನೇ ಕಂತಿನಲ್ಲಿ. ನಲವತ್ತೊಂದನೆಯದರಲ್ಲಿ ಅವನು ಮನಸ್ಸು ಬಿಚ್ಚಿ ಹೇಳಿದ, ಅವಳು ತಲೆ ತಗ್ಗಿಸಿದಳು. ಬೇರೆ ಯಾರಾದರೂ ಆಗಿದ್ದರೆ ಆವತ್ತೇ ಎರಡೂ ಕಡೆಯ ಹಿರಿಯರನ್ನು ಕರೆಸಿ ಕುರಿ ಕೊಯ್ದು ಮುಗಿಸುತ್ತಿದ್ದರು. ನಾವು ಐದು ಜನ ಬರಹಗಾರರು ಆ ಎರಡು ಮನೆಗಳ ನಡುವೆ ಮೂರು ವರ್ಷ ಅಡ್ಡ ಮಲಗಿದೆವು. ಅವನಿಗೆ ಒಮ್ಮೆ ನೆನಪು ಹೋಯಿತು, ಅವಳಿಗೆ ಎರಡು ಸಲ ಕಣ್ಣು ಹೋಯಿತು, ಅವನ ತಾಯಿ ಹನ್ನೊಂದು ಬಾರಿ ಮೂರ್ಛೆ ಬಿದ್ದಳು. ಅದರಲ್ಲಿ ನಾಲ್ಕು ಬಾರಿ ಒಂದೇ ಜಮಖಾನೆಯ ಮೇಲೆ. ಅವನು ಬರೆದ ಒಂದು ಕಾಗದ ಅದೇ ಕಟ್ಟಡದ ಮೊದಲ ಮಹಡಿಯಿಂದ ಮೂರನೇ ಮಹಡಿಗೆ ಏರಲು ಒಂಬತ್ತು ವಾರ ತೆಗೆದುಕೊಂಡಿತು.

ಆ ಐವರಲ್ಲಿ ನಾನು ಎರಡನೆಯವನು, ಹೆಸರು ಸಾಬಿರ್‌ಬೆಕ್. ಉಳಿದವರು ಏನಾಗಬೇಕು ಎಂದು ಯೋಚಿಸುತ್ತಿದ್ದರು. ಅದು ಆಗದಂತೆ ನೋಡಿಕೊಳ್ಳುವುದು ನನ್ನ ಕೆಲಸ. ನಿರ್ಮಾಪಕ ಗಾಬಿತ್ ಇದನ್ನು 'ಉಸಿರು' ಎನ್ನುತ್ತಿದ್ದ. ಈ ದೃಶ್ಯಕ್ಕೆ ಸ್ವಲ್ಪ ಉಸಿರು ಹಾಕು ಎಂದರೆ ಎರಡು ಮಾತಿನ ನಡುವೆ ಮೂರು ಜನರ ಮುಖ, ಒಂದು ಗಡಿಯಾರ, ಒಂದು ಕಿಟಕಿ ತೋರಿಸು ಎಂದು ಅರ್ಥ. ಒಂದು ಸಲ ನಾನು ಹಾಕಿದ ಉಸಿರಿಗೆ, ಸೋಮವಾರ ಮೇಜಿನಿಂದ ಎತ್ತಿದ ಟೀ ಬಟ್ಟಲು ತುಟಿ ಮುಟ್ಟಿದ್ದು ಗುರುವಾರ. ಆ ವರ್ಷ ನನಗೆ ಉತ್ತಮ ಬರಹಗಾರ ಎಂಬ ಪ್ರಶಸ್ತಿ ಬಂತು.

ಇಂಥ ಸಂಸ್ಥೆ ಮದುವೆಗೆ ಯಾಕೆ ಒಪ್ಪಿತು ಅಂದರೆ, ಅಕ್ಮರಲ್ ಪಾತ್ರದ ಹುಡುಗಿ ವಸಂತ ಮುಗಿಯುತ್ತಲೇ ನಾಟಕ ಮಾಡಲು ರಾಜಧಾನಿಗೆ ಹೋಗುತ್ತೇನೆ ಎಂದುಬಿಟ್ಟಿದ್ದಳು. ಜಾಹೀರಾತು ಕೊಡುತ್ತಿದ್ದ ಟೀ ಪುಡಿಯವರೂ ಬೇಸರಪಟ್ಟುಕೊಂಡಿದ್ದರು. ಗಾಬಿತ್ ಸ್ವಂತ ಮಗಳನ್ನು ಕಳುಹಿಸಿಕೊಡುವವನಂತೆ ಕಣ್ಣೊರೆಸಿಕೊಂಡು ಒಪ್ಪಿಗೆ ಕೊಟ್ಟ.

ಶಾರ್ಬಾನು ಆಪಾ ತರಾಜ್ ಊರಿನವರು; ಆಪಾ ಎನ್ನುವುದು ನಮ್ಮಲ್ಲಿ ಹಿರಿಯ ಹೆಂಗಸರನ್ನು ಗೌರವದಿಂದ ಕರೆಯುವ ಮಾತು. ಅರವತ್ತೇಳು ವಯಸ್ಸು, ಕುಳ್ಳಗಿನ ನೆಟ್ಟಗಿನ ಆಳು, ಕಂದು ಕೋಟು, ತಲೆಗೆ ಬಿಳಿ ವಸ್ತ್ರ. ಅಲ್ಲಿಯ ನೋಂದಣಿ ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಹುಟ್ಟು, ಸಾವು, ಮದುವೆ ಬರೆದುಕೊಂಡು ನಿವೃತ್ತರಾದವರು. ನಮಗೆ ನಾಲ್ಕು ಕಾಗದ ಹಾಕಿದ್ದರಂತೆ. ನಮಗೆ ಕಾಗದಗಳು ಚೀಲದಲ್ಲಿ ಬರುತ್ತಿದ್ದವು, ಮುಕ್ಕಾಲು ಪಾಲು ಯೆರಾಸಿಲ್‌ನನ್ನು ಮದುವೆಯಾಗುತ್ತೇನೆ ಎನ್ನುವ ಹುಡುಗಿಯರವು. ಚೀಲ ಬಿಚ್ಚುವ ಕೆಲಸ ಯಾರದು ಎಂಬುದು ಕೊನೆಯವರೆಗೂ ತೀರ್ಮಾನವಾಗಲಿಲ್ಲ. ಉತ್ತರ ಬಾರದ್ದಕ್ಕೆ ಅವರು ರೈಲು ಹತ್ತಿ ಬಂದರು. ಕಂಕುಳಲ್ಲಿ ಗೋಡೆಗೆ ಅಂಟಿಸುವ ಬಣ್ಣದ ಕಾಗದದ ಒಂದು ಸುರುಳಿ, ಕೈಯಲ್ಲಿ ಒಣಗಿಸಿದ ಮೊಸರುಂಡೆಗಳ ಬಟ್ಟೆಚೀಲ.

ಕೆಳಗೆ ಸ್ವಾಗತಕ್ಕೆ ಕೂತಿದ್ದ ಹುಡುಗಿ ಅವರಿಗೆ ದೊಡ್ಡ ಮಗ್ಗಿನ ತುಂಬ ಟೀ ಕೊಟ್ಟಳು. ನಮ್ಮಲ್ಲಿ ಹಿರಿಯರಿಗೆ ಅರ್ಧ ಬಟ್ಟಲು ಸುರಿದು, ಮತ್ತೆ ಮತ್ತೆ ಕೇಳಿ ಸುರಿಯುವುದು ಮರ್ಯಾದೆ. ಒಂದೇ ಸಲ ತುಂಬಿಸಿ ಕೊಟ್ಟರೆ ಕುಡಿದು ಹೊರಡಿ ಎಂದ ಹಾಗೆ. ಆಪಾ ಮಗ್ಗನ್ನು ನೋಡಿದರು, ಪಕ್ಕಕ್ಕೆ ಸರಿಸಿದರು, ಎರಡೂ ಮುಕ್ಕಾಲು ಗಂಟೆ ಅಲ್ಲೇ ಕೂತರು. ಸಿಗರೇಟಿಗೆಂದು ಕೆಳಗಿಳಿದ ನನಗೆ ತಣ್ಣಗಾದ ಮಗ್ಗಿನ ಪಕ್ಕ ಕೂತ ಆ ಮುದುಕಿಯನ್ನು ದಾಟಿ ಹೋಗಲು ಕಾಲು ಬರಲಿಲ್ಲ. ಮೇಲೆ ಕರೆದುಕೊಂಡು ಹೋದೆ. ನನ್ನ ನೌಕರಿಗೆ ನಾನೇ ಕಲ್ಲು ಹಾಕಿಕೊಂಡದ್ದು ಆ ಗಳಿಗೆಯಲ್ಲಿ.

ನಾವು ಬರೆಯುವ ಕೋಣೆಯ ಮೇಜಿನ ಮೇಲೆ ಅವರು ಸುರುಳಿ ಬಿಡಿಸಿದರು. ಕಾಗದದ ಹಿಂಬದಿಯಲ್ಲಿ ನೀಲಿ, ಕೆಂಪು ಎರಡು ಶಾಯಿಯಲ್ಲಿ ನಮ್ಮ ಆರುನೂರ ಅರವತ್ತು ಕಂತುಗಳ ವಂಶವೃಕ್ಷ. ಯಾರು ಯಾರ ಮಗ, ಯಾರು ಯಾರನ್ನು ಬಿಟ್ಟ, ಅದನ್ನು ಯಾವ ಕಂತಿನಲ್ಲಿ ಯಾರು ಹೇಳಿದರು, ಎಲ್ಲವೂ ಇತ್ತು. ನೂರ ಮೂವತ್ತನೇ ಕಂತಿನಲ್ಲಿ ನಾನು ಸಾಯಿಸಿದ ಹಾಲಿನವನು ನೂರ ಐವತ್ತೈದರಲ್ಲಿ ಹಾಲು ಹಾಕಿ ಹೋದದ್ದು ಕೂಡ ಕೆಂಪು ಶಾಯಿಯಲ್ಲಿ ದಾಖಲಾಗಿತ್ತು. ನಾನು ಕಿಟಕಿಯ ಕಡೆ ನೋಡಿದೆ.

ಆಪಾ ಬೆರಳಿಟ್ಟು ತೋರಿಸಿದರು. ಎಂಬತ್ತೆಂಟನೇ ಕಂತಿನಲ್ಲಿ ಯೆರಾಸಿಲ್‌ನ ಕೈಗೆ ಮನೆತನದ ಚಾಕು ಕೊಡುವಾಗ ಅವನ ತಂದೆ, ಇದು ನಮ್ಮ ನಾಲ್ಕನೇ ಅಜ್ಜ ಉಪ್ಪುಬಾವಿಯ ಒಕ್ಕಣ್ಣ ತೊಕ್ಸಾನ್‌ಬಾಯ್‌ನದು ಎನ್ನುತ್ತಾನೆ. ನಾನೂರ ಹನ್ನೆರಡನೇ ಕಂತಿನಲ್ಲಿ ಅಕ್ಮರಲ್‌ನ ಅಜ್ಜಿ, ನಿನ್ನಪ್ಪನ ಕಡೆಯ ಐದನೇ ಅಜ್ಜ ಯಾರು ಗೊತ್ತಾ, ಉಪ್ಪುಬಾವಿಯ ಒಕ್ಕಣ್ಣ ತೊಕ್ಸಾನ್‌ಬಾಯ್ ಎನ್ನುತ್ತಾಳೆ. ತಂದೆಯ ಕಡೆಯಿಂದ ಏಳು ತಲೆಮಾರಿನೊಳಗೆ ಒಬ್ಬನೇ ಅಜ್ಜ ಬಂದರೆ ಗಂಡು ಹೆಣ್ಣು ಅಣ್ಣ ತಂಗಿಯಾಗುತ್ತಾರೆ. ಕಝಾಕರಲ್ಲಿ ಇದು ತೊಟ್ಟಿಲ ಮಗುವಿಗೂ ಗೊತ್ತು. ಐದು ಜನ ಬರಹಗಾರರಿಗೆ ಗೊತ್ತಾಗಲಿಲ್ಲ.

"ಕಾನೂನು ಬೇಡ ಅನ್ನಲ್ಲ," ಎಂದರು ಆಪಾ. "ಆದ್ರೆ ನನ್ನ ಕಚೇರಿಗೆ ಇಂಥ ಜೋಡಿ ಬಂದಿದ್ರೆ ನಾನು ಪೆನ್ನು ಕೆಳಗಿಟ್ಟು ಇಬ್ಬರ ಅಜ್ಜಿಯರನ್ನೂ ಕರೆಸ್ತಿದ್ದೆ."

ಆ ಎರಡೂ ದೃಶ್ಯ ಬರೆದವನು ನಾನು. ಎಂಬತ್ತೆಂಟನೇ ಕಂತಿಗೆ ಆತುರದಲ್ಲಿ ಒಬ್ಬ ಅಜ್ಜ ಬೇಕಾಗಿತ್ತು, ನನ್ನ ಮುತ್ತಜ್ಜನನ್ನೇ ಹಾಕಿದೆ. ಒಂಟೆ ಒದ್ದು ನಿಜವಾಗಿಯೂ ಒಂದು ಕಣ್ಣು ಹೋಗಿದ್ದ ಮನುಷ್ಯ. ಒಂದೂವರೆ ವರ್ಷದ ಮೇಲೆ ಮತ್ತೊಬ್ಬ ಅಜ್ಜ ಬೇಕಾದಾಗ ಹಿಂದಿನದು ಮರೆತುಹೋಗಿತ್ತು. ನನಗಿದ್ದ ಒಕ್ಕಣ್ಣ ಮುತ್ತಜ್ಜ ಒಬ್ಬನೇ, ಅವನನ್ನೇ ಮತ್ತೆ ಎಬ್ಬಿಸಿ ತಂದೆ. ಇದನ್ನು ನಾನು ಆವತ್ತು ಯಾರಿಗೂ ಹೇಳಲಿಲ್ಲ. ನಾವೆಲ್ಲ ತುಂಬ ಬೇಜವಾಬ್ದಾರಿಯಿಂದ ಕೆಲಸ ಮಾಡುತ್ತಿದ್ದೇವೆ ಎಂದು ಎಲ್ಲರ ಪರವಾಗಿ ಬೇಸರ ತೋರಿಸಿದೆ.

ಗಾಬಿತ್‌ನನ್ನು ಕರೆಸಿದೆವು. ಇವನು ಈಗ ಮೇಜು ಗುದ್ದುತ್ತಾನೆ ಎಂದು ನಾವು ಕಾದೆವು. ಅವನು ಆ ಹಾಳೆಯ ಮೇಲೆ ಬಗ್ಗಿ ಬಹಳ ಹೊತ್ತು ನೋಡಿದ. ತಲೆ ಎತ್ತಿದಾಗ ಕಣ್ಣು ತೇವವಾಗಿತ್ತು.

"ಅಂದ್ರೆ ಇವರಿಬ್ಬರು ಅಣ್ಣ ತಂಗಿ," ಎಂದ, ಗಂಡು ಮಗು ಹುಟ್ಟಿದ ಸುದ್ದಿ ಕೇಳಿದವನ ದನಿಯಲ್ಲಿ.

ಅವನಿಗೆ ಅಲ್ಲಿ ತಪ್ಪು ಕಾಣಲಿಲ್ಲ, ಇನ್ನೂರು ಕಂತು ಕಂಡವು. ನಿಂತ ಕಾಲಲ್ಲೇ ಕಥೆ ಹೇಳಿದ. ಮದುವೆ ದಿನ ಮುದುಕನೊಬ್ಬ ಎದ್ದು ತೊಕ್ಸಾನ್‌ಬಾಯ್‌ನ ಹೆಸರೆತ್ತುತ್ತಾನೆ, ಹುಡುಗನ ತಾಯಿ ಮೂರ್ಛೆ ಬೀಳುತ್ತಾಳೆ, ಆಮೇಲೆ ಹಳೇ ಕಡತ, ಗೋರಿ, ಸುಳ್ಳು ಸಾಕ್ಷಿ, ರಕ್ತಪರೀಕ್ಷೆ. ರಾಜಧಾನಿಗೆ ಹೋಗುವ ಹುಡುಗಿಯ ಬದಲು ಬೇರೊಬ್ಬಳನ್ನು ಹಾಕಿ, ಅಪಘಾತವಾಗಿ ಮುಖ ಬದಲಾಯಿತು ಎನ್ನುವುದು. ಪೋಸ್ಟರುಗಳು ಹಾಗೇ ಇರಲಿ ಎಂದ.

ಆಪಾಗೆ ಇದು ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಬಂದದ್ದು ಮದುವೆ ನಿಲ್ಲಿಸಲು ಅಲ್ಲವಂತೆ, ಮದುವೆಗಿದ್ದ ಅಡ್ಡಿ ತೆಗೆಸಲು. ಮೂರು ವರ್ಷದಿಂದ ಆ ಮದುವೆಗೆ ಕಾದಿರುವವರು ಅವರು.

"ಒಂದು ಮಾತಿಂದ ಸರಿಹೋಗುತ್ತಲ್ಲಪ್ಪ," ಎಂದರು. "ಒಂದೇ ವರ್ಷದಲ್ಲಿ ಒಂದೇ ಹೆಸರಿನೋರು ಒಂಬತ್ತು ಜನ ನನ್ನ ರಿಜಿಸ್ಟರಲ್ಲಿದ್ರು. ಇವನ ತೊಕ್ಸಾನ್‌ಬಾಯ್‌ಗೆ ಎಡಗಣ್ಣಿರಲಿಲ್ಲ, ಅವಳ ತೊಕ್ಸಾನ್‌ಬಾಯ್‌ಗೆ ಬಲಗಣ್ಣಿರಲಿಲ್ಲ ಅನ್ನಿ. ಇಬ್ಬರೂ ಬೇರೆ ಬೇರೆ. ಮುಗೀತು."

ಮುಗೀತು ಎಂಬ ಮಾತನ್ನು ಆ ಕಟ್ಟಡದಲ್ಲಿ ಯಾರೂ ಆಡುತ್ತಿರಲಿಲ್ಲ. ಗಾಬಿತ್‌ನ ಮುಖ ಸಣ್ಣಗಾಯಿತು. ಆದರೆ ಅವನು ದಡ್ಡನಲ್ಲ. ಈ ಹೆಂಗಸು ಈ ಸುರುಳಿ ಹಿಡಿದು ಬೇರೆ ಚಾನೆಲ್ಲಿಗೋ ಪತ್ರಿಕೆಗೋ ಹೋದರೆ ಮಾನ ಹೋಗುತ್ತದೆ ಎಂದು ಲೆಕ್ಕ ಹಾಕಿ, ಅಲ್ಲೇ ಅವರನ್ನು 'ಸಂಬಂಧಗಳ ಸಲಹೆಗಾರ್ತಿ' ಮಾಡಿದ. ಒಂದು ಕುರ್ಚಿ, ಒಂದು ಮೇಜುದೀಪ ಕೊಟ್ಟ. ಮುಂದಿನ ಕಥೆಯನ್ನು ಮನೆಯವರಿಗೂ ಹೇಳುವುದಿಲ್ಲ ಎಂದು ಒಪ್ಪಂದಕ್ಕೆ ಸಹಿ ಕೇಳಿದ. ಆಪಾ ಅದನ್ನು ಪೂರ್ತಿ ಓದಿದರು. ನಾವೆಲ್ಲ ಸಹಿ ಹಾಕಿದ್ದ ಆ ಕಾಗದವನ್ನು ಮೊದಲ ಬಾರಿಗೆ ಓದಿದವರು ಅವರೇ ಇರಬೇಕು. ಎರಡು ಕಾಗುಣಿತದ ತಪ್ಪು ತಿದ್ದಿ ಸಹಿ ಹಾಕಿದರು. ಒಳಗೇ ಇದ್ದರೆ ಹೇಗಾದರೂ ಮದುವೆ ಮಾಡಿಸಬಹುದು ಎಂದು ಅವರ ಎಣಿಕೆ. ಅಲ್ಮಾಟಿಯಲ್ಲೇ ಇದ್ದ ತಂಗಿಯ ಮಗಳ ಮನೆಯಲ್ಲಿ ಉಳಿದುಕೊಂಡರು.

ಆಮೇಲಿನ ಐದು ವಾರ ನಮ್ಮ ಕೋಣೆಯಲ್ಲಿ ನೆಮ್ಮದಿ ಇರಲಿಲ್ಲ. ಬೆಳಿಗ್ಗೆ ಒಂಬತ್ತಕ್ಕೆ ಬಂದು, ಕನ್ನಡಕ ಏರಿಸಿ, ಪೆನ್ಸಿಲ್ ಹಿಡಿದು ನಮ್ಮ ಹಾಳೆಗಳನ್ನು ಓದುತ್ತಿದ್ದರು. ಒಂದು ದಿನ ನನ್ನನ್ನು ಕರೆದು, ಈ ಹುಡುಗ ನಾಲ್ಕು ಪುಟದಿಂದ ಹೊಸ್ತಿಲ ಮೇಲೆ ಯಾಕೆ ನಿಂತಿದ್ದಾನೆ ಎಂದು ಕೇಳಿದರು. ಕುತೂಹಲಕ್ಕೆ ಎಂದೆ.

"ಬಾಗಿಲು ಹಾಕಿದ್ಯಾ?"

"ಇಲ್ಲ ಆಪಾ."

"ಯಾರಾದ್ರೂ ಬೇಡ ಅಂತಿದಾರಾ?"

"ಇಲ್ಲ."

"ಮತ್ತೆ ಒಳಗೆ ಬರ್ಲಿ, ಚಳಿ."

ಅವರ ಕಚೇರಿಯಲ್ಲಿ ಒಂದು ಜೋಡಿ ಅವರ ಮುಂದೆ ನಿಲ್ಲುತ್ತಿದ್ದದ್ದು ಏಳು ನಿಮಿಷವಂತೆ, ಅಷ್ಟರಲ್ಲಿ ಇಬ್ಬರ ಇಡೀ ಬದುಕು ಗೊತ್ತಾಗಿಬಿಡುತ್ತಿತ್ತಂತೆ. ಗಾಬಿತ್ ಒಂದು ವಾರಕ್ಕೆಂದು ಇಟ್ಟಿದ್ದ ಜಗಳವನ್ನು ಅವರು ಒಂದೂವರೆ ಪುಟದಲ್ಲಿ ಬರೆದು ನನ್ನ ಮುಂದಿಟ್ಟರು. ಅವನು ಒಳಗೆ ಬರುತ್ತಾನೆ. ಅವಳು ಟೀ ಕೊಟ್ಟು ನನಗೆ ನಿನ್ನ ಮೇಲೆ ಸಿಟ್ಟಿದೆ ಎನ್ನುತ್ತಾಳೆ. ಯಾತಕ್ಕೆ ಎನ್ನುತ್ತಾನೆ. ಅವಳು ಯಾತಕ್ಕೆ ಅಂತ ಹೇಳುತ್ತಾಳೆ. ಅವನು ತಪ್ಪಾಯಿತು ಎನ್ನುತ್ತಾನೆ. ಮೂರು ವರ್ಷದಲ್ಲಿ ನಾನು ಇಬ್ಬರು ಮನುಷ್ಯರು ಮನಸ್ಸಿನಲ್ಲಿದ್ದದ್ದನ್ನು ಎದುರೆದುರೇ ಹೇಳಿಕೊಳ್ಳುವ ಒಂದು ದೃಶ್ಯವನ್ನೂ ಬರೆದಿರಲಿಲ್ಲ. ಆ ಹಾಳೆಯನ್ನು ಎರಡು ಸಲ ಓದಿದೆ. ಚೆನ್ನಾಗಿತ್ತು. ಹೀಗೇ ಬಿಟ್ಟರೆ ಶುಕ್ರವಾರದೊಳಗೆ ಎಲ್ಲರ ಮದುವೆಯಾಗಿ, ಮಕ್ಕಳು ಶಾಲೆಗೆ ಸೇರಿ, ನಾವೈದು ಜನ ಬೀದಿಯಲ್ಲಿರುತ್ತಿದ್ದೆವು. ಅದನ್ನು ಡ್ರಾಯರಿನಲ್ಲಿಟ್ಟು, ಹುಡುಗನನ್ನು ಮತ್ತೆ ಹೊಸ್ತಿಲ ಮೇಲೆ ನಿಲ್ಲಿಸಿ ಬಂದೆ.

ಕ್ಯಾಂಟೀನಿನಲ್ಲಿ ಒಮ್ಮೆ ಊಟಕ್ಕೆ ಜೊತೆಯಾದಾಗ, ಹಾಳೆಯಲ್ಲಿ ಎರಡು ಬಣ್ಣದ ಶಾಯಿ ಯಾಕೆ ಎಂದು ಕೇಳಿದೆ. ನೀಲಿ ನನ್ನದು, ಕೆಂಪು ನನ್ನ ಸೊಸೆಯದು ಎಂದರು. ಆಮೇಲೆ ಚಮಚ ಕೆಳಗಿಟ್ಟು ತಾವಾಗಿಯೇ ಹೇಳಿದರು. ಮಗ ರೈಲು ಎಂಜಿನ್ ಓಡಿಸುತ್ತಾನೆ, ತಿಂಗಳಲ್ಲಿ ಹದಿನೈದು ದಿನ ಹಳಿಯ ಮೇಲೆ. ಮನೆಯಲ್ಲಿ ಉಳಿಯುವುದು ಇವರು, ಸೊಸೆ ಕುರಾಲಾಯ್, ಒಂದು ಸಣ್ಣ ಮೊಮ್ಮಗಳು. ಕುರಾಲಾಯ್ ಔಷಧಿ ಅಂಗಡಿಯಲ್ಲಿ ಕೆಲಸ ಮಾಡುತ್ತಾಳೆ. ಉತ್ತರದ ಪೆಟ್ರೋಪಾವ್ಲ್ ಕಡೆಯಿಂದ ಬಂದವಳು, ರಷ್ಯನ್ ಆಡಿಕೊಂಡು ಬೆಳೆದವಳು. ಎಂಟು ವರ್ಷದ ಹಿಂದೆ, ಮದುವೆಯಾದ ಮೊದಲ ತಿಂಗಳು, ನೆಂಟರು ತುಂಬಿದ್ದ ಮನೆಯಲ್ಲಿ ಅತ್ತೆಗೆ ಅಂಚಿನ ತನಕ ತುಂಬಿಸಿ ಟೀ ಕೊಟ್ಟಳು. ಸೊಸೆ ಬಂದ ತಿಂಗಳಲ್ಲೇ ನನ್ನ ಮನೆಯಿಂದ ನನಗೇ ಹೊರಡು ಅಂತಾಳೆ ಎಂದು ಇವರ ಎದೆಗೆ ಚುಚ್ಚಿತು. ಇವರು ಹೇಳಲಿಲ್ಲ. ತಾನೇನು ತಪ್ಪು ಮಾಡಿದೆ ಎಂದು ಅವಳಿಗೆ ಗೊತ್ತಾಗಲಿಲ್ಲ, ಕೇಳಲೂ ಇಲ್ಲ. ಐದು ವರ್ಷ ಆ ಮನೆಯಲ್ಲಿ ಗ್ಯಾಸು, ಉಪ್ಪು, ಮಗುವಿನ ಜ್ವರ ಬಿಟ್ಟರೆ ಬೇರೆ ಮಾತಿಲ್ಲ.

ಆಮೇಲೆ ನಮ್ಮ ಧಾರಾವಾಹಿ ಶುರುವಾಯಿತು. ಮೂರನೇ ವಾರ ಅಕ್ಮರಲ್ ಏನೋ ಎಡವಟ್ಟು ಮಾಡಿದಾಗ ಆಪಾ ಟಿವಿಯ ಕಡೆ ನೋಡುತ್ತ, ಈ ಹುಡುಗಿಗೆ ಬುದ್ಧಿ ಇಲ್ಲ ಎಂದರು. ಅಡುಗೆಮನೆಯಿಂದ ಕುರಾಲಾಯ್, ಬುದ್ಧಿ ಇದೆ ಆಪಾ, ಹೇಳಿಕೊಡೋರಿಲ್ಲ ಎಂದಳು. ಯಾರ ಮಾತು ಯಾರಿಗೆ ಎಂದು ಇಬ್ಬರಿಗೂ ಗೊತ್ತಿತ್ತು. ಅವತ್ತಿನಿಂದ ಪ್ರತಿ ಸಂಜೆ ಅರ್ಧ ಗಂಟೆ ನೋಡುವುದು, ಒಂದು ಗಂಟೆ ಜಗಳವಾಡುವುದು. ಸೊಸೆಗೆ ಹೇಳಬೇಕಾದ್ದನ್ನೆಲ್ಲ ಆಪಾ ಅಕ್ಮರಲ್‌ಗೆ ಹೇಳಿದರು. ಅತ್ತೆಗೆ ಹೇಳಬೇಕಾದ್ದನ್ನೆಲ್ಲ ಕುರಾಲಾಯ್ ಯೆರಾಸಿಲ್‌ನ ತಾಯಿಗೆ ಹೇಳಿದಳು. ಆ ತಾಯಿ ಮೂರ್ಛೆ ಬಿದ್ದಾಗಲೆಲ್ಲ ಸೊಸೆಗೆ ಒಳಗೊಳಗೇ ಖುಷಿಯಾಗುತ್ತಿತ್ತು, ನನಗೆ ಕಾಣದೇ ಇರುತ್ತಾ ಎಂದು ಆಪಾ ನಕ್ಕರು.

ನಾವು ಹೊಟ್ಟೆಪಾಡಿಗೆ ಎಳೆದು ಎಳೆದು ಬರೆದ ಕಸವನ್ನು ತರಾಜಿನಲ್ಲಿ ಇಬ್ಬರು ಹೆಂಗಸರು ಯಾವುದೋ ನಿಜವಾದ ಕೆಲಸಕ್ಕೆ ಬಳಸಿಕೊಂಡಿದ್ದರು. ಅಷ್ಟು ವರ್ಷದಲ್ಲಿ ನನ್ನ ಬರವಣಿಗೆ ಒಂದು ಉಪಯೋಗಕ್ಕೆ ಬಂದದ್ದು ನಾನು ಕೇಳಿದ್ದು ಅದೇ ಮೊದಲು. ಪ್ರಶಸ್ತಿ ಕೊಟ್ಟವರು ಅದನ್ನು ಹೇಳಿರಲಿಲ್ಲ.

ಆಪಾ ಅಲ್ಮಾಟಿಯಲ್ಲಿದ್ದಾಗಲೂ ಆ ಜಗಳ ನಿಂತಿರಲಿಲ್ಲ. ಕಂತು ಮುಗಿದ ತಕ್ಷಣ ಕುರಾಲಾಯ್ ಫೋನ್ ಮಾಡುತ್ತಿದ್ದಳು. ಚಿತ್ರೀಕರಣ ಪ್ರಸಾರಕ್ಕಿಂತ ಮೂರು ವಾರ ಮುಂದಿರುತ್ತಿತ್ತಾದ್ದರಿಂದ ಮೊದಲ ದಿನಗಳಲ್ಲಿ ಬರುತ್ತಿದ್ದ ಕಂತುಗಳು ಆಪಾಗೂ ಹೊಸವೇ. ಅವರು ಕಾರಿಡಾರಿನಲ್ಲಿ ಅತ್ತಿಂದಿತ್ತ ನಡೆಯುತ್ತ, ಆ ಚಿಕ್ಕಮ್ಮನೇ ಕಾಗದ ಮುಚ್ಚಿಟ್ಟಿರೋದು, ಬೇಕಾದ್ರೆ ಬರೆದಿಟ್ಕೊ ಎಂದು ಫೋನಿನಲ್ಲಿ ವಾದಿಸುವುದು ನಮಗೆಲ್ಲ ಕೇಳಿಸುತ್ತಿತ್ತು.

ನಾಲ್ಕನೇ ವಾರದಿಂದ ಅವರು ಓದಿ ಪೆನ್ಸಿಲ್ ಆಡಿಸಿದ ಕಂತುಗಳೇ ಬರತೊಡಗಿದವು. ಈಗ ಕುರಾಲಾಯ್ ಫೋನ್ ಮಾಡಿ ತನ್ನ ಊಹೆ ಹೇಳಿದರೆ, ಆಪಾ ಇರಬಹುದು ಎನ್ನುತ್ತಿದ್ದರು. ಇನ್ನೊಂದು ಊಹೆ ಹೇಳಿದರೆ ಅದೂ ಇರಬಹುದು ಎನ್ನುತ್ತಿದ್ದರು. ಮೂವತ್ತನಾಲ್ಕು ವರ್ಷ ನಿಜಕ್ಕೆ ಮೊಹರು ಹಾಕಿದ ಹೆಂಗಸಿಗೆ ಸುಳ್ಳು ಹೇಳುವ ಅಭ್ಯಾಸವಿರಲಿಲ್ಲ. ನಮ್ಮಲ್ಲಿ ಯಾರನ್ನಾದರೂ ಕೇಳಿದ್ದರೆ ಹೇಳಿಕೊಡುತ್ತಿದ್ದೆವು.

ಒಂದು ಸಂಜೆ ನಾನು ಪಕ್ಕದಲ್ಲೇ ಇದ್ದೆ. ಫೋನಿನ ಆಚೆಯ ದನಿ ನನಗೂ ಕೇಳಿಸಿತು.

"ಆಪಾ, ನಿಮಗೆ ಎಲ್ಲ ಗೊತ್ತು. ಗೊತ್ತಿದ್ದೂ ನನ್ನ ಮಾತಿಗೆ ಹೂಂ ಹೂಂ ಅಂತಿದೀರ."

"ಸಹಿ ಹಾಕಿಬಿಟ್ಟಿದೀನಿ ಕಣಮ್ಮ."

"ಸರಿ ಬಿಡಿ. ನಾನೊಬ್ಬಳೇ ಮಾತಾಡೋಕೆ ಫೋನ್ ಯಾಕೆ ಬೇಕು."

ಮಾರನೇ ದಿನ ಫೋನು ಬರಲಿಲ್ಲ. ಅದರ ಮಾರನೇ ದಿನವೂ ಇಲ್ಲ. ಐದು ದಿನ ಆಪಾ ಕಂತು ಮುಗಿಯುವ ಹೊತ್ತಿಗೆ ಫೋನನ್ನು ಮೇಜಿನ ಮೇಲೆ ಇಟ್ಟುಕೊಂಡು ಕೂತರು. ಆ ಐದು ದಿನ ನಮ್ಮ ಹಾಳೆಗಳಲ್ಲಿ ಒಂದು ಪೆನ್ಸಿಲ್ ಗೆರೆಯೂ ಬೀಳಲಿಲ್ಲ. ಯೆರಾಸಿಲ್ ಎಷ್ಟು ಹೊತ್ತು ಬೇಕಾದರೂ ನಿಂತುಕೊಳ್ಳಬಹುದಿತ್ತು.

ಆರನೇ ದಿನ ಅವರು ಗಾಬಿತ್‌ನ ಕೋಣೆಗೆ ಹೋಗಿ ಮುತ್ತಿನಂಥ ಅಕ್ಷರದಲ್ಲಿ ಬರೆದ ರಾಜೀನಾಮೆ ಕೊಟ್ಟರು. ನಾನೂ ಅಲ್ಲಿದ್ದೆ. ಗಾಬಿತ್‌ಗೆ ದಿಕ್ಕು ತೋಚಲಿಲ್ಲ. ಬೇರೆ ಕುರ್ಚಿ ಕೊಡಿಸಲಾ ಎಂದ. ಮದುವೆಯ ದೃಶ್ಯದಲ್ಲಿ ನೋಂದಣಿ ಅಧಿಕಾರಿಯಾಗಿ ನಿಮ್ಮನ್ನೇ ನಿಲ್ಲಿಸುತ್ತೇನೆ ಎಂದ. ನಿಜವಾದ ಮದುವೆ ಯಾವಾಗ ಎಂದು ಆಪಾ ಕೇಳಿದರು. ಒಂಬೈನೂರರ ಸುಮಾರಿಗೆ ಎಂದ.

"ನಿಮ್ಮ ಕಥೆ ಮುಂದಕ್ಕೆ ಹೋಗದೇ ಇದ್ರೆ ನನಗೇನೂ ಇಲ್ಲ ಗಾಬಿತ್," ಎಂದರು ಆಪಾ. "ನನ್ನ ಮನೇಲಿ ಒಂದು ಮಾತು ನಡೀತಿತ್ತು. ಇಲ್ಲಿಗೆ ಬಂದು ನಾನೇ ಅದನ್ನ ನಿಲ್ಲಿಸಿಬಿಟ್ಟೆ. ಅದಕ್ಕೆ ಹೋಗ್ತಿದೀನಿ."

ಮನೆಯಲ್ಲಿ ಯಾರಿಗೋ ಮಾತು ಬಿದ್ದುಹೋಗಿದೆ ಎಂದು ಗಾಬಿತ್ ತಿಳಿದುಕೊಂಡ. ಒಳ್ಳೆಯ ನರರೋಗದ ಡಾಕ್ಟರೊಬ್ಬರ ಹೆಸರು ಹೇಳಿ, ಯೆರಾಸಿಲ್‌ನ ಚಿತ್ರವಿರುವ ಒಂದು ಕ್ಯಾಲೆಂಡರ್ ಕೊಟ್ಟು ಕಳುಹಿಸಿದ.

ನಾನು ರೈಲು ನಿಲ್ದಾಣದ ತನಕ ಹೋದೆ. ಗಾಡಿ ಹೊರಡಲು ಇನ್ನೂ ಸಮಯವಿತ್ತು. ಪ್ಲಾಟ್‌ಫಾರಂ ಬೆಂಚಿನಲ್ಲಿ ಕೂತು ನಾನು ತೊಕ್ಸಾನ್‌ಬಾಯ್‌ನ ವಿಷಯ ಹೇಳಿದೆ. ಎರಡು ಕಡೆಯೂ ಬರೆದವನು ನಾನೇ, ಅವನು ನನ್ನ ಸ್ವಂತ ಮುತ್ತಜ್ಜ ಎಂದೆ. ಆಪಾ ತಕ್ಷಣ ಏನೂ ಬೈಯಲಿಲ್ಲ. ಅವನ ತಂದೆಯ ಹೆಸರು ಕೇಳಿದರು, ಯಾವ ಕುಲ ಎಂದು ಕೇಳಿದರು, ಆಮೇಲೆ ನನ್ನ ಹೆಂಡತಿಯ ತಂದೆಯ ಕಡೆಯ ಹೆಸರುಗಳನ್ನು ಕೇಳಿ ಬೆರಳು ಮಡಚಿ ಎಣಿಸಿದರು. ನನ್ನ ಮದುವೆ ಸರಿಯಾಗಿದೆ ಎಂದು ಖಾತ್ರಿಯಾದ ಮೇಲೆ ಬಾಯಿ ಬಿಟ್ಟರು.

"ಸತ್ತ ಮುದುಕನ್ನ ಎರಡು ಮನೆಗೆ ಬಾಡಿಗೆಗೆ ಬಿಟ್ಟಿದೀಯಲ್ಲೋ. ಹೋಗಿ ಒಂದು ಮನೆಯಿಂದಾದ್ರೂ ಬಿಡಿಸ್ಕೊಂಡು ಬಾ."

ಏಳುನೂರನೇ ಕಂತಿನ ಚಿತ್ರೀಕರಣ ಮೂರು ದಿನದ ಮೇಲಿತ್ತು. ಮದುವೆಮನೆಯಲ್ಲಿ ಎದ್ದು ನಿಲ್ಲುವ ಮುದುಕನ ಮಾತು ಬರೆಯುವುದು ನನ್ನ ಪಾಲಿಗೇ ಬಂದಿತ್ತು. ಗಾಬಿತ್‌ಗೆ ತೋರಿಸಿದ ಹಾಳೆಯಲ್ಲಿ ಮುದುಕ ತೊಕ್ಸಾನ್‌ಬಾಯ್‌ನ ಹೆಸರು ಹೇಳಿ ನಿಲ್ಲಿಸುತ್ತಿದ್ದ. ನಟನ ಕೈಗೆ ಕೊಟ್ಟ ಹಾಳೆಯಲ್ಲಿ ಇನ್ನೂ ಎರಡು ವಾಕ್ಯ ಇದ್ದವು. ಆ ನಟ ಹಳೆಯ ರಂಗಭೂಮಿಯವನು, ಟಿವಿಯವರು ತನಗೆ ಯಾವತ್ತೂ ಪೂರ್ತಿ ಮಾತು ಕೊಡುವುದಿಲ್ಲ ಎಂದು ಕೊರಗುತ್ತಿದ್ದವನು. ಎರಡನ್ನೂ ಎದೆಯುಬ್ಬಿಸಿ ಹೇಳಿದ. ನಿರ್ದೇಶಕ ಆವತ್ತು ಒಂಬತ್ತು ದೃಶ್ಯ ಮುಗಿಸಬೇಕಿತ್ತು, ಯಾರು ಏನು ಹೇಳುತ್ತಿದ್ದಾರೆ ಎಂದು ಕೇಳಿಸಿಕೊಳ್ಳುವಷ್ಟು ಪುರಸೊತ್ತು ಅವನಿಗೆ ಮೂರು ವರ್ಷದಿಂದ ಇರಲಿಲ್ಲ. ಜೋಡಿಸುವವನು ಜೋಡಿಸಿದ. ಗಾಬಿತ್ ಆ ಕಂತನ್ನು ನೋಡಿದ್ದು ಎಲ್ಲರ ಜೊತೆ, ಟಿವಿಯಲ್ಲಿ.

ಮುಂದಿನದನ್ನು ಕುರಾಲಾಯ್ ನನಗೆ ಫೋನಿನಲ್ಲಿ ಹೇಳಿದಳು. ನನ್ನ ನಂಬರು ಆಪಾ ಹತ್ತಿರ ಇತ್ತು. ಅಣ್ಣನಂಥವನು ಎಂದು 'ಅಗಾ' ಎನ್ನುತ್ತಿದ್ದಳು.

ಊರಿಗೆ ಹೋದ ಆಪಾಗೆ ಉಳಿದ ಕಂತುಗಳೆಲ್ಲ ಗೊತ್ತಿದ್ದವಲ್ಲ. ಸಹಿ ಹಾಕಿದ್ದರಿಂದ ಬಾಯಿ ಬಿಡುವಂತಿಲ್ಲ, ಮುಖ ನೋಡಿದರೆ ಸೊಸೆಗೆ ಗೊತ್ತಾಗಿಬಿಡುತ್ತದೆ. ಹಾಗಾಗಿ ಧಾರಾವಾಹಿ ಶುರುವಾಗುತ್ತಿದ್ದಂತೆ ಅಡುಗೆಮನೆಗೆ ಹೋಗಿ, ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆಯುತ್ತಿದ್ದರಂತೆ. ಕುರಾಲಾಯ್ ಸಣ್ಣ ದನಿಯಲ್ಲಿ ಟಿವಿ ಇಟ್ಟುಕೊಂಡು ಒಬ್ಬಳೇ ನೋಡುತ್ತಿದ್ದಳು. ಮೂರು ವಾರ ಹೀಗೇ ಹೋಯಿತು. ಮದುವೆ ದಿನ ಆಪಾ ಅಡುಗೆಮನೆಯ ಬಾಗಿಲನ್ನೂ ಮುಂದೆ ಮಾಡಿಕೊಂಡಿದ್ದರು, ಮದುವೆ ಮುರಿಯುವುದನ್ನು ಕಿವಿಯಲ್ಲೂ ಕೇಳಬಾರದು ಎಂದು. ಟಿವಿಯಲ್ಲಿ ಮುದುಕ ಎದ್ದ, ಹೆಸರು ಹೇಳಿದ. ಆಮೇಲೆ ಹೇಳಿದ, ಇವನ ತೊಕ್ಸಾನ್‌ಬಾಯ್‌ಗೆ ಎಡಗಣ್ಣಿರಲಿಲ್ಲ, ಅವಳವನಿಗೆ ಬಲಗಣ್ಣಿರಲಿಲ್ಲ. ನಾನು ಇಬ್ಬರನ್ನೂ ಕಂಡವರನ್ನು ಕಂಡಿದ್ದೇನೆ, ಮದುವೆ ನಡೆಯಲಿ ಎಂದ.

ಹುಡುಗನ ತಾಯಿ ಹಳೆಯ ಹಾಳೆಯ ಪ್ರಕಾರ ಮೂರ್ಛೆ ಬಿದ್ದಳು. ಸಂತೋಷಕ್ಕೆ ಎಂದು ಜನ ಅರ್ಥಮಾಡಿಕೊಂಡರು.

ಕುರಾಲಾಯ್ ಆಪಾ ಎಂದು ಕೂಗಿದಳಂತೆ. ಆಪಾ ಒದ್ದೆ ಕೈಯಲ್ಲೇ ಬಂದು ಟಿವಿ ಮುಂದೆ ನಿಂತರು. ಅತ್ತೆಯ ಮುಖ ನೋಡಿ, ಇದು ನಿಮಗೂ ಗೊತ್ತಿರ್ಲಿಲ್ವಾ ಎಂದು ಕುರಾಲಾಯ್ ಕೇಳಿದಳು. ಇಲ್ಲ ಎಂದರು ಆಪಾ. ಇಬ್ಬರೂ ಕೂತು ಕೊನೆಯವರೆಗೆ ನೋಡಿದರು. ಮುಗಿದ ಮೇಲೆ ಆಪಾ ಟಿವಿ ಆರಿಸಿ, ನಿನ್ನ ಮೇಲೆ ನನಗೆ ಎಂಟು ವರ್ಷದಿಂದ ಒಂದು ಸಿಟ್ಟಿತ್ತು, ಯಾತಕ್ಕೆ ಗೊತ್ತಾ ಎಂದು ಕೇಳಿ, ಆ ಟೀ ಬಟ್ಟಲಿನ ಸಂಗತಿ ಹೇಳಿದರು. ನಮ್ಮ ತವರಲ್ಲಿ ಬೇಡದವರಿಗೆ ಅರ್ಧ ಬಟ್ಟಲು ಕೊಡೋದು ಆಪಾ ಎಂದಳಂತೆ ಕುರಾಲಾಯ್. ಅಷ್ಟು ಹೇಳಿ, ಅಂಗಡಿಗೆ ಗಿರಾಕಿ ಬಂದರು ಎಂದು ಫೋನ್ ಇಟ್ಟಳು.

ಗಾಬಿತ್ ನನ್ನನ್ನು ಮಾರನೇ ದಿನ ಬೆಳಿಗ್ಗೆಯೇ ಕರೆಸಿದ. ಇನ್ನೂರು ಕಂತನ್ನು ಒಂದೇ ಉಸಿರಿಗೆ ನುಂಗಿಬಿಟ್ಟೆಯಲ್ಲ ಎಂದ. ಹನ್ನೆರಡು ವರ್ಷದ ಪರಿಚಯದಲ್ಲಿ ಅವನು ಇಷ್ಟು ಚುರುಕಾಗಿ ಮಾಡಿದ ಕೆಲಸ ಅದೊಂದೇ, ಹತ್ತು ನಿಮಿಷದಲ್ಲಿ ನಾನು ರಸ್ತೆಯಲ್ಲಿದ್ದೆ. ಆ ಮೂರು ವಾರದಲ್ಲಿ ಚಿತ್ರೀಕರಿಸಿಟ್ಟಿದ್ದ ಗೋರಿ, ಸುಳ್ಳು ಸಾಕ್ಷಿಗಳನ್ನೆಲ್ಲ ಕಸಕ್ಕೆ ಹಾಕಿ, ಮದುವೆಯಾದ ಜೋಡಿಯನ್ನು ಇಟ್ಟುಕೊಂಡು ಇನ್ನೂ ಹನ್ನೊಂದು ಕಂತು ಎಳೆದರು. ಗಂಡ ಹೆಂಡತಿ ಎದುರುಬದುರು ಕೂತು ಜಾಹೀರಾತಿನ ಟೀ ಕುಡಿಯುತ್ತ ಸುಖವಾಗಿದ್ದರು. ಬೇರೆಯವರ ಸುಖ ನೋಡಲು ಯಾರು ಕೂರುತ್ತಾರೆ? ಏಳುನೂರ ಹನ್ನೊಂದಕ್ಕೆ ನಿಂತಿತು. ಗಾಬಿತ್ ಈಗ ಅವಳಿ ಮಕ್ಕಳ ಕಥೆಯೊಂದನ್ನು ಶುರುಮಾಡಿದ್ದಾನೆ, ಇಬ್ಬರಲ್ಲಿ ಯಾರು ಯಾರು ಎಂದು ಗೊತ್ತಾಗಲು ನಾಲ್ಕು ವರ್ಷ ಬೇಕಂತೆ. ನಾನು ಒಂದು ಕಾಲೇಜಿನಲ್ಲಿ ಧಾರಾವಾಹಿ ಬರೆಯುವುದನ್ನು ಕಲಿಸುತ್ತಿದ್ದೇನೆ. ಆ ಕೆಲಸದಿಂದ ಹೊರಬಿದ್ದವರಿಗೆ ಅದನ್ನು ಕಲಿಸುವ ಕೆಲಸ ಯಾವಾಗಲೂ ಖಾಲಿ ಇರುತ್ತದೆ.

ಶರತ್ಕಾಲದಲ್ಲಿ ಕುರಾಲಾಯ್ ಮತ್ತೆ ಫೋನ್ ಮಾಡಿದಳು. ಈ ಸಲ ದೂರು. ಧಾರಾವಾಹಿ ನಿಂತ ಮೇಲೆ ಹತ್ತು ದಿನ ಸಂಜೆ ಹೊತ್ತು ಏನು ಮಾಡುವುದು ಎಂದು ಇಬ್ಬರಿಗೂ ತಿಳಿಯಲಿಲ್ಲವಂತೆ. ಕೊನೆಗೆ ಇವಳೇ, ನಿಮ್ಮ ಕಚೇರಿಗೆ ಬಂದ ಜೋಡಿಗಳ ಕಥೆ ಹೇಳಿ ಆಪಾ ಎಂದು ಕೇಳಿದಳು. ಆಪಾ ಹೇಳತೊಡಗಿದರು. ಹೆಸರು ಬದಲಿಸಿ, ದಿನಕ್ಕೊಂದು ಜೋಡಿ. ಮೊದಲ ವಾರ ಚೆನ್ನಾಗಿತ್ತು.

"ನೀವು ಅಲ್ಲಿ ಅವರಿಗೆ ಏನು ಕಲಿಸಿದ್ರಿ ಅಗಾ?" ಎಂದಳು. "ಒಬ್ಬಳು ಮದುಮಗಳು ಸಹಿ ಹಾಕೋ ಹೊತ್ತಿಗೆ ಗುರುತಿಗೆ ತೋರಿಸೋ ಪಾಸ್‌ಪೋರ್ಟ್ ಕಾಣ್ತಿಲ್ಲ ಅಂತ ಹುಡುಕ್ತಿದಾಳೆ. ಹೋದ ಗುರುವಾರದಿಂದ ಹುಡುಕ್ತಾನೇ ಇದಾಳೆ. ಆಮೇಲೇನಾಯ್ತು ಅಂದ್ರೆ ಆಪಾ ಮಗ್ಗುಲಾಗಿ, ನಿದ್ದೆ ಬರ್ತಿದೆ, ನಾಳೆ ಅಂತಾರೆ."

ಪಾಸ್‌ಪೋರ್ಟ್ ಎಲ್ಲಿರಬಹುದು ಎಂದು ನಿನಗನ್ನಿಸುತ್ತೆ ಎಂದು ಕೇಳಿದೆ. ಮದುಮಗನ ಅಕ್ಕನೇ ತೆಗೆದಿಟ್ಟಿದ್ದಾಳೆ ಎಂದು ಅವಳು ಹೇಳಿದಳು, ಅದಕ್ಕೆ ಮೂರು ಕಾರಣವನ್ನೂ ಕೊಟ್ಟಳು. ಮದುಮಗಳೇ ಬೇಕಂತ ಮನೆಯಲ್ಲಿ ಬಿಟ್ಟು ಬಂದಿದ್ದಾಳೆ ಎಂದು ನಾನು ಹೇಳಿದೆ. ಇಪ್ಪತ್ತು ನಿಮಿಷ ವಾದವಾಯಿತು. ತರಗತಿಗೆ ತಡವಾಯಿತು.

ಮಾರನೇ ದಿನ ನಾನೇ ಫೋನ್ ಮಾಡಿದೆ. ಪಾಸ್‌ಪೋರ್ಟ್ ಸಿಕ್ಕಿತ್ತಂತೆ. ತೆರೆದು ನೋಡಿದರೆ ಒಳಗಿನ ಫೋಟೋ ಮದುಮಗಳದಲ್ಲ.